ಹಳೇ ಪ್ಯಾಸ್ಕಲ್‌ನಲ್ಲಿ ಬೆಳೆಯುವ ಅರೇ ಬೇಕಾ? ಯಾವ ದಾರಿ ಯಾರಿಗೆ

ನಮ್ಮೂರ ಹತ್ತಿರದ ಒಂದು ಅಕ್ಕಿ ಮಿಲ್‌ನಲ್ಲಿ ಲಾರಿ ತೂಕ ಹಾಕುವ ವೇ ಬ್ರಿಡ್ಜ್ ಇದೆ. ಅಲ್ಲಿ ಚೀಟಿ ಪ್ರಿಂಟ್ ಮಾಡುವುದು ಟರ್ಬೊ ಪ್ಯಾಸ್ಕಲ್ 7 ಅನ್ನುವ ಡಾಸ್ ಕಾಲದ ಕಂಪೈಲರ್‌ನಲ್ಲಿ ಬರೆದ ಒಂದು ಪ್ರೋಗ್ರಾಂ. ಯಾರು ಬರೆದರೋ ಯಾರಿಗೂ ನೆನಪಿಲ್ಲ. ಪುಣ್ಯಕ್ಕೆ ಸೋರ್ಸ್ ಫೈಲ್ ಅದೇ ಕಂಪ್ಯೂಟರ್‌ನಲ್ಲಿ ಉಳಿದಿತ್ತು. ಸುಗ್ಗಿ ಟೈಮಲ್ಲಿ ಒಂದು ರಾತ್ರಿ ನನಗೆ ಫೋನ್ ಬಂತು. ತಿಂಗಳ ಒಟ್ಟು ತೂಕದ ಜಾಗದಲ್ಲಿ 85,99,17,065 ಕೆಜಿ ಅಂತ ತೋರಿಸ್ತಿದೆ, ಏನು ಮಾಡೋದು ಅಂತ. ಅಷ್ಟು ಭತ್ತವನ್ನು ಆ ಮಿಲ್ ಹತ್ತು ಜನ್ಮ ಎತ್ತಿದರೂ ಕಾಣಲ್ಲ.

ಆ ಸಂಖ್ಯೆಯನ್ನು ನಾಲ್ಕು ಬೈಟ್‌ಗಳಾಗಿ ಒಡೆದು ನೋಡಿದೆ. 9, 75, 65, 51. ಮೊದಲಿನ 9 ಸ್ಟ್ರಿಂಗ್‌ನ ಉದ್ದ. 75 ಅಂದರೆ ಇಂಗ್ಲಿಷ್‌ನ ಕೆ, 65 ಅಂದರೆ ಎ, 51 ಅಂದರೆ 3ರ ಅಂಕಿ. ಅದು ತೂಕವೇ ಅಲ್ಲ. ಲಾರಿಯ ನಂಬರ್ ಪ್ಲೇಟಿನ ಮೊದಲ ಮೂರು ಅಕ್ಷರ!

ಆಗಿದ್ದು ಇಷ್ಟೇ. ಪ್ರೋಗ್ರಾಂ ಬರೆದವರು ತಿಂಗಳಿಗೆ 500 ಚೀಟಿ ಸಾಕು ಅಂತ 500 ಮನೆಯ ಅರೇ (ಒಂದೇ ಬಗೆಯ ಡೇಟಾವನ್ನು ಸಾಲಾಗಿ ಇಡುವ ಜಾಗ) ಇಟ್ಟಿದ್ದರು. ಒಟ್ಟು ತೂಕದ ವೇರಿಯಬಲ್ ಅದರ ಪಕ್ಕದಲ್ಲೇ ಕೂತಿತ್ತು. ಅರೇಯ ಮಿತಿ ದಾಟಿದರೆ ತಡೆಯುವ ರೇಂಜ್ ಚೆಕ್ ಆಫ್ ಆಗಿತ್ತು. 501ನೇ ಲಾರಿ ಬಂದಾಗ ಅದರ ನಂಬರ್ ಹೋಗಿ ಒಟ್ಟು ತೂಕದ ಮೇಲೆ ಕೂತುಬಿಟ್ಟಿತು.

ಇವತ್ತಿನ ಕಂಪೈಲರ್ ಆಗಿದ್ದರೆ ಅರೇಯನ್ನು ಬೇಕಾದಷ್ಟು ಹಿಗ್ಗಿಸುವ ಸೆಟ್‌ಲೆಂತ್ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಟರ್ಬೊ ಪ್ಯಾಸ್ಕಲ್‌ನಲ್ಲಿ ಅದಿಲ್ಲ. ಇರುವ ದಾರಿಗಳು ಐದಾರು. ಎಲ್ಲವೂ ಒಂದಲ್ಲ ಒಂದು ಕಡೆ ಕಾಲಿಗೆ ತೊಡರುತ್ತವೆ. ಯಾವುದು ಯಾರಿಗೆ ಸರಿ ಅನ್ನುವುದನ್ನು, ಇದೇ ತೂಕದ ಚೀಟಿಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

(ಕೋಡಿನ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ. 1992ರ ಕಂಪೈಲರ್‌ಗೆ ಕನ್ನಡ ಬರಲ್ಲ.)

ನಿಮ್ಮ ಕಂಪೈಲರ್ ಎಷ್ಟು ಹಳೇದು?

ಮೊದಲು ಇದನ್ನು ನೋಡಿಕೊಳ್ಳಿ. ಎಷ್ಟೋ ಜನ ಹಳೇ ಕಂಪೈಲರ್ ಅಂದುಕೊಂಡು ಸುಮ್ನೆ ಕಷ್ಟಪಡುತ್ತಾರೆ, ಅವರ ಹತ್ತಿರ ಇರುವುದರಲ್ಲಿ ಡೈನಾಮಿಕ್ ಅರೇ, ಅಂದರೆ ರನ್ ಆಗುವಾಗ ಹಿಗ್ಗುವ ಅರೇ, ಇದ್ದೇ ಇರುತ್ತದೆ.

ನಿಕ್ಲಾಸ್ ವಿರ್ತ್ 1970ರ ಹೊತ್ತಿಗೆ ಪ್ಯಾಸ್ಕಲ್ ರೂಪಿಸಿದಾಗ ಅರೇಯ ಅಳತೆಯನ್ನು ಅದರ ಟೈಪ್‌ಗೇ ಕಟ್ಟಿಹಾಕಿದರು. ಅಂದರೆ ಹತ್ತು ಮನೆಯ ಅರೇ ಒಂದು ಜಾತಿ, ಹನ್ನೊಂದು ಮನೆಯದು ಬೇರೆಯೇ ಜಾತಿ. ಒಂದಕ್ಕೆ ಬರೆದ ಪ್ರೊಸೀಜರ್ ಇನ್ನೊಂದಕ್ಕೆ ನಡೆಯಲ್ಲ. 1981ರಲ್ಲಿ ಬ್ರಯನ್ ಕರ್ನಿಗನ್ ಪ್ಯಾಸ್ಕಲ್ ಮೇಲೆ ಬರೆದ ಹೆಸರಾಂತ ತಕರಾರಿನಲ್ಲಿ ಮುಖ್ಯವಾದ ದೂರು ಇದೇ. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ 49.95 ಡಾಲರ್‌ಗೆ ಟರ್ಬೊ ಪ್ಯಾಸ್ಕಲ್ ಮಾರಲು ಶುರು ಮಾಡಿತು. 1992ರ 7ನೇ ಆವೃತ್ತಿವರೆಗೂ ಈ ಕಟ್ಟು ಬಿಚ್ಚಲಿಲ್ಲ. ಅದೇ ಕಂಪನಿ ವಿಂಡೋಸ್‌ಗೆ ತಂದ 1995ರ ಡೆಲ್ಫೈ 1 ಕೂಡ 16 ಬಿಟ್‌ನದ್ದೇ, ಅಲ್ಲೂ ಇಲ್ಲ. ಡೆಲ್ಫೈ 2 ಮತ್ತು 3 ಎರಡೂ 32 ಬಿಟ್‌ಗೆ ಬಂದವು, ಆದರೂ ಡೈನಾಮಿಕ್ ಅರೇ ಬರಲಿಲ್ಲ. ಬಂದಿದ್ದು 1998ರ ಡೆಲ್ಫೈ 4ರಲ್ಲಿ. ಫ್ರೀ ಪ್ಯಾಸ್ಕಲ್‌ನಲ್ಲಿ 2005ರ 2.0 ಆವೃತ್ತಿ ಇದ್ದರೆ ಸಾಕು, ಯೋಚನೆ ಬೇಡ.

ಇಲ್ಲಿ ಒಂದು ಮೋಸ ಇದೆ. ಟರ್ಬೊ ಪ್ಯಾಸ್ಕಲ್ 7ರಲ್ಲಿ ಪ್ರೊಸೀಜರ್‌ನ ಬ್ರಾಕೆಟ್ ಒಳಗೆ "ಅರೇ ಆಫ್ ಇಂಟಿಜರ್" ಅಂತ ಅಳತೆ ಕೊಡದೆ ಬರೆದರೆ ಕಂಪೈಲ್ ಆಗುತ್ತದೆ. ಅದನ್ನು ನೋಡಿ ಡೈನಾಮಿಕ್ ಅರೇ ಇದೆ ಅಂತ ಖುಷಿಪಟ್ಟವರನ್ನು ನಾನು ಕಂಡಿದ್ದೇನೆ. (ನಾನೂ ಅವರಲ್ಲಿ ಒಬ್ಬ.) ಅದು ಓಪನ್ ಅರೇ ಪ್ಯಾರಾಮೀಟರ್. ಯಾವ ಅಳತೆಯ ಅರೇ ಕಳಿಸಿದರೂ ಒಳಗೆ ಬಿಟ್ಟುಕೊಳ್ಳುತ್ತದೆ, ಹೈ ಅನ್ನುವ ಫಂಕ್ಷನ್ ಕೊನೆಯ ಇಂಡೆಕ್ಸ್ ಹೇಳುತ್ತದೆ, ಅಷ್ಟೇ. ಅದನ್ನು ಹಿಗ್ಗಿಸಲು ಆಗಲ್ಲ. ಟೈಪ್ ಸೆಕ್ಷನ್‌ನಲ್ಲಿ ಹಾಗೇ ಬರೆದು ನೋಡಿ, ಕಂಪೈಲರ್ ಅಲ್ಲೇ ನಿಲ್ಲುತ್ತದೆ.

64 ಕೆಬಿ ಅನ್ನುವ ಗೋಡೆ

ದಾರಿ ಆರಿಸುವ ಮೊದಲು ಈ ಲೆಕ್ಕ ಒಮ್ಮೆ ಹಾಕಲೇಬೇಕು. 8086 ಪ್ರೊಸೆಸರ್ ಮೆಮರಿಯನ್ನು 64 ಕೆಬಿಯ ಸೆಗ್ಮೆಂಟ್‌ಗಳಲ್ಲಿ ನೋಡುತ್ತದೆ. ಹಾಗಾಗಿ ಟರ್ಬೊ ಪ್ಯಾಸ್ಕಲ್‌ನಲ್ಲಿ ಒಂದು ಅರೇ 65,520 ಬೈಟ್ ದಾಟುವಂತಿಲ್ಲ. ದಾಟಿದರೆ ಎರರ್ 22, ಸ್ಟ್ರಕ್ಚರ್ ಟೂ ಲಾರ್ಜ್. ಎಲ್ಲಾ ಗ್ಲೋಬಲ್ ವೇರಿಯಬಲ್ ಸೇರಿ ಕೂಡ ಒಂದೇ 64 ಕೆಬಿ.

ನಮ್ಮ ಚೀಟಿಯ ರೆಕಾರ್ಡ್ ನೋಡೋಣ. ಲಾರಿ ನಂಬರ್ 12 ಅಕ್ಷರದ ಸ್ಟ್ರಿಂಗ್, ಉದ್ದದ ಬೈಟ್ ಸೇರಿ 13. ಪಾರ್ಟಿ ಹೆಸರು 20 ಅಕ್ಷರ, ಅಂದರೆ 21. ಲೋಡ್ ತೂಕ 4, ಖಾಲಿ ತೂಕ 4, ಸಮಯಕ್ಕೆ 2. ಒಟ್ಟು 44 ಬೈಟ್. 65,520ನ್ನು 44ರಿಂದ ಭಾಗಿಸಿದರೆ 1489. ಒಂದೇ ಅರೇಯಲ್ಲಿ ಇಡಲು ಆಗುವುದು ಅಷ್ಟೇ ಚೀಟಿ. ಈ 1489 ಮುಂದೆ ಎಲ್ಲಾ ಕಡೆ ಬರುತ್ತದೆ. ನಿಮ್ಮ ರೆಕಾರ್ಡ್‌ಗೆ ಈ ಸಂಖ್ಯೆ ಎಷ್ಟು ಅಂತ ಈಗಲೇ ಹಾಕಿಕೊಳ್ಳಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ದೊಡ್ಡ ಅರೇ, ಜೊತೆಗೊಂದು ಎಣಿಕೆ

ಕೇಳಲು ನಾಚಿಕೆ ಅನಿಸುವಷ್ಟು ಸರಳ. 1200 ಮನೆ ಇಡಿ, ಎಷ್ಟು ತುಂಬಿದೆ ಅನ್ನಲು ಒಂದು ಕೌಂಟ್ ಇಡಿ, ಸೇರಿಸುವ ಮುಂಚೆ ಕೌಂಟ್ ನೋಡಿ. ಜಾಸ್ತಿ ಆದರೆ ಬಳಸುವವರಿಗೆ ಹೇಳಿ. ಮಿಲ್‌ನ ಪ್ರೋಗ್ರಾಂ ಕೆಟ್ಟಿದ್ದು ಅರೇ ಚಿಕ್ಕದಾಗಿದ್ದಕ್ಕಲ್ಲ. ತುಂಬಿದೆಯಾ ಅಂತ ಯಾರೂ ಕೇಳದೇ ಇದ್ದಿದ್ದಕ್ಕೆ.

ನಿಮ್ಮ ಡೇಟಾಗೆ ಮೇಲಿನ ಮಿತಿ ಗೊತ್ತಿದ್ದರೆ, ಉದಾಹರಣೆಗೆ ಒಂದು ಕ್ಲಾಸಿನ ಮಕ್ಕಳು ಅಥವಾ ವರ್ಷದ 366 ದಿನ, ಇಲ್ಲಿಗೇ ನಿಲ್ಲಿಸಿ. ಮುಂದಿನದನ್ನು ಓದಿ ತಲೆ ಕೆಡಿಸಿಕೊಳ್ಳಬೇಡಿ.

ಗ್ಲೋಬಲ್ ಜಾಗ ಸಾಲದಿದ್ದರೆ ಅರ್ಧ ಹೆಜ್ಜೆ ಮುಂದೆ ಹೋಗಬಹುದು. ಅದೇ ಅರೇ ಟೈಪ್‌ಗೆ ಒಂದು ಪಾಯಿಂಟರ್ (ಮೆಮರಿಯ ವಿಳಾಸ ಇಡುವ ವೇರಿಯಬಲ್) ಮಾಡಿ, ಪ್ರೋಗ್ರಾಂ ಶುರುವಿನಲ್ಲಿ ನ್ಯೂ ಅನ್ನಿ. ಅರೇ ಹೀಪ್‌ಗೆ, ಅಂದರೆ ರನ್ ಆಗುವಾಗ ಕೇಳಿ ಪಡೆಯುವ ಮೆಮರಿಗೆ ಹೋಗುತ್ತದೆ, ಡೇಟಾ ಸೆಗ್ಮೆಂಟ್‌ನಲ್ಲಿ 4 ಬೈಟ್ ಮಾತ್ರ ಉಳಿಯುತ್ತದೆ. ಕೋಡಿನಲ್ಲಿ ಹೆಸರಿನ ಕೊನೆಗೆ ಒಂದು ಟೋಪಿ ಗುರುತು (^) ಸೇರಿಸುವುದು ಬಿಟ್ಟರೆ ಬೇರೇನೂ ಬದಲಾಗಲ್ಲ. ಲೋಕಲ್ ವೇರಿಯಬಲ್ ಆಗಿ ಮಾತ್ರ ಇಡಬೇಡಿ. ಲೋಕಲ್ ವೇರಿಯಬಲ್ ಕೂರುವ ಸ್ಟ್ಯಾಕ್ ಮೊದಲಿಗೆ ಇರುವುದೇ 16 ಕೆಬಿ, ಎರರ್ 202 ಬರುತ್ತದೆ.

ಗೆಟ್‌ಮೆಮ್: ನಿಜವಾಗಿ ಹಿಗ್ಗುವ ಅರೇ

ಎಷ್ಟು ಬೇಕೋ ಅಷ್ಟೇ ಮೆಮರಿ ರನ್ ಆಗುವಾಗ ಕೇಳುವ ದಾರಿ ಇದು. ಡೈನಾಮಿಕ್ ಅರೇಗೆ ತೀರಾ ಹತ್ತಿರದ್ದು. ಕೈ ಸುಡುವುದೂ ಇಲ್ಲೇ ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಮೊದಲು 0ಯಿಂದ 1488ರವರೆಗಿನ ಅರೇ ಟೈಪ್ ಒಂದನ್ನು ಡಿಕ್ಲೇರ್ ಮಾಡಿ, ಅದಕ್ಕೆ ಪಾಯಿಂಟರ್ ಟೈಪ್ ಮಾಡಿ. ಟೈಪ್ ಡಿಕ್ಲೇರ್ ಮಾಡಿದರೆ ಮೆಮರಿ ಖರ್ಚಾಗಲ್ಲ, ಅದು ಬರೀ ಅಚ್ಚು. ಆಮೇಲೆ ಹೀಗೆ ಕೇಳಿ:

ಗೆಟ್‌ಮೆಮ್(ಪಿ, ಎನ್ * ಸೈಜ್‌ಆಫ್(ಚೀಟಿ));

ಹಳೇ ಕೋಡಿನಲ್ಲಿ 0ಯಿಂದ 0ವರೆಗಿನ ಒಂದೇ ಮನೆಯ ಅರೇ ಟೈಪ್ ಮಾಡಿ ಇದೇ ಆಟ ಆಡಿರುವುದು ಕಾಣುತ್ತದೆ. ನನಗೆ ಅದು ಇಷ್ಟ ಇಲ್ಲ. ಆಗ ರೇಂಜ್ ಚೆಕ್ ಆಫ್ ಮಾಡದೆ ಒಂದು ಹೆಜ್ಜೆಯೂ ಮುಂದೆ ಹೋಗಲು ಆಗಲ್ಲ. ಪೂರ್ತಿ ಅಳತೆಯ ಟೈಪ್ ಇಟ್ಟರೆ ರೇಂಜ್ ಚೆಕ್ ಆನ್ ಇಟ್ಟೇ ಕೆಲಸ ಮಾಡಬಹುದು, ಕೊನೇ ಪಕ್ಷ 1488 ದಾಟಿದ್ದಾದರೂ ಸಿಕ್ಕಿಬೀಳುತ್ತದೆ. ಎನ್ ದಾಟಿ 1488ರ ಒಳಗೆ ಇದ್ದರೆ ಮಾತ್ರ ಕಂಪೈಲರ್ ಕಣ್ಣಿಗೆ ಬೀಳಲ್ಲ. ಆ ಕಾವಲು ನೀವೇ ಕಾಯಬೇಕು.

ಈಗ ಅಸಲಿ ಗುಂಡಿ. ಗೆಟ್‌ಮೆಮ್‌ಗೆ ಕೊಡುವ ಅಳತೆ ವರ್ಡ್, ಅಂದರೆ 16 ಬಿಟ್. ಎನ್ 2000 ಅಂತ ಇಟ್ಟುಕೊಳ್ಳಿ. 2000 ಗುಣಿಸು 44 ಅಂದರೆ 88,000. ಅದು 16 ಬಿಟ್‌ನಲ್ಲಿ ಹಿಡಿಸಲ್ಲ. 65,536 ಕಳೆದು ಉಳಿದ 22,464 ಮಾತ್ರ ಗೆಟ್‌ಮೆಮ್‌ಗೆ ತಲುಪುತ್ತದೆ. ಚೆಕ್ ಎಲ್ಲಾ ಆಫ್ ಇದ್ದರೆ ಅದು ಗೊಣಗದೆ 22,464 ಬೈಟ್ ಕೊಟ್ಟು ಸುಮ್ಮನಾಗುತ್ತದೆ. ಎರರ್ ಇಲ್ಲ, ಏನಿಲ್ಲ. ನೀವು 2000 ಚೀಟಿಗೆ ಜಾಗ ಇದೆ ಅಂದುಕೊಂಡಿರುತ್ತೀರಿ, ಇರುವುದು 510ಕ್ಕೆ. 511ನೇ ಚೀಟಿಯಿಂದ ಪಕ್ಕದ ಮನೆಯ ಗೋಡೆ ಒಡೆಯಲು ಶುರು. ಇಂಥ ತಪ್ಪು ಎರಡು ದಿನ ಬಿಟ್ಟು, ಸಂಬಂಧವೇ ಇಲ್ಲದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಗುಣಾಕಾರಕ್ಕೆ ಮುಂಚೆ ಎನ್ 1489ಕ್ಕಿಂತ ಜಾಸ್ತಿ ಇದೆಯಾ ಅಂತ ನೋಡುವ ಒಂದು ಸಾಲು ಇರಲೇಬೇಕು.

ಹಿಗ್ಗಿಸುವುದು ಹೇಗೆ? ಟರ್ಬೊ ಪ್ಯಾಸ್ಕಲ್‌ನಲ್ಲಿ ರೀಅಲಾಕ್‌ಮೆಮ್ ಇಲ್ಲ, ಅದು ಆಮೇಲೆ ಡೆಲ್ಫೈನಲ್ಲಿ ಬಂದಿದ್ದು. ಹೊಸ ದೊಡ್ಡ ತುಂಡು ಕೇಳಿ, ಮೂವ್ ಮಾಡಿ, ಹಳೇದನ್ನು ಫ್ರೀಮೆಮ್ ಮಾಡಿ. ಫ್ರೀಮೆಮ್‌ಗೆ ಕೇಳಿದಷ್ಟೇ ಅಳತೆ ವಾಪಸ್ ಹೇಳಬೇಕು, ಆದ್ದರಿಂದ ಹಳೇ ಎನ್ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಹಿಗ್ಗುವ ಆ ಕ್ಷಣದಲ್ಲಿ ಹಳೇದು, ಹೊಸದು ಎರಡೂ ಮೆಮರಿಯಲ್ಲಿ ಇರುತ್ತವೆ. 1000ದಿಂದ 1489ಕ್ಕೆ ಹೋಗುವಾಗ 44,000 ಮತ್ತು 65,516, ಸೇರಿ ಒಂದು ಲಕ್ಷ ಬೈಟ್ ದಾಟಿತು. ಆಮೇಲೆ ಹಳೇ ತುಂಡಿನ ಜಾಗ ತೂತಾಗಿ ಉಳಿಯುತ್ತದೆ. ಮೆಮ್‌ಅವೇಲ್ ಒಟ್ಟು ಖಾಲಿ ಜಾಗ ಹೇಳುತ್ತದೆ. ನಿಮಗೆ ಬೇಕಾಗಿರುವುದು ಅದಲ್ಲ, ಮ್ಯಾಕ್ಸ್‌ಅವೇಲ್. ಒಂದೇ ತುಂಡಾಗಿ ಎಷ್ಟು ಸಿಗುತ್ತದೆ ಅಂತ ಹೇಳುವುದು ಅದು.

ಮೆಮರಿ ಸಿಗದಿದ್ದರೆ ಗೆಟ್‌ಮೆಮ್ ನಿಲ್ (ಖಾಲಿ ಪಾಯಿಂಟರ್) ಕೊಡುತ್ತದೆ ಅಂದುಕೊಳ್ಳಬೇಡಿ. ನೇರ ಎರರ್ 203 ಬಂದು ಪ್ರೋಗ್ರಾಂ ಸಾಯುತ್ತದೆ. ಹೀಪ್‌ಎರರ್ ಅನ್ನುವ ವೇರಿಯಬಲ್‌ಗೆ ನಿಮ್ಮದೊಂದು ಫಾರ್ ಫಂಕ್ಷನ್ ಕಟ್ಟಿ, ಅದು 1 ವಾಪಸ್ ಕೊಡುವಂತೆ ಮಾಡಿದರೆ ಮಾತ್ರ ನಿಲ್ ಬರುತ್ತದೆ. ಇನ್ನೊಂದು: ಐಡಿಇ (ಕೋಡ್ ಬರೆದು ಓಡಿಸುವ ಸ್ಕ್ರೀನ್) ಒಳಗೆ ರನ್ ಮಾಡಿದಾಗ ಐಡಿಇಯೇ ಸುಮಾರು ಮೆಮರಿ ತಿಂದಿರುತ್ತದೆ. ಅಲ್ಲಿ 203 ಬಂತು ಅಂತ ಗಾಬರಿ ಬೀಳುವ ಮೊದಲು ಇಎಕ್ಸ್‌ಇ ಫೈಲನ್ನು ಹೊರಗೆ ಓಡಿಸಿ ನೋಡಿ.

ಅಂದಹಾಗೆ ಎರರ್ 200 ಬಂದರೆ ಅದಕ್ಕೂ ನಿಮ್ಮ ಅರೇಗೂ ಸಂಬಂಧ ಇಲ್ಲದಿರಬಹುದು. ಸ್ಕ್ರೀನ್, ಕೀಬೋರ್ಡ್ ನೋಡಿಕೊಳ್ಳುವ ಸಿಆರ್‌ಟಿ ಯೂನಿಟ್ ಶುರುವಾಗುವಾಗ ಕಂಪ್ಯೂಟರ್‌ನ ವೇಗ ಅಳೆಯುತ್ತದೆ. ಮಷೀನ್ ತುಂಬಾ ಫಾಸ್ಟ್ ಆದರೆ ಆ ಲೆಕ್ಕವೇ ಉಕ್ಕಿ ಡಿವೈಡ್ ಬೈ ಜೀರೋ ಅನ್ನುತ್ತದೆ. ಡಾಸ್‌ಬಾಕ್ಸ್‌ನಲ್ಲಿ (ಹೊಸ ಕಂಪ್ಯೂಟರ್ ಮೇಲೆ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಸೈಕಲ್ಸ್ ಕಮ್ಮಿ ಮಾಡಿದರೆ ಹೋಗುತ್ತದೆ.

ಲಿಂಕ್ಡ್ ಲಿಸ್ಟ್: ಕಾಲೇಜಿನಲ್ಲಿ ಕಲಿತಿದ್ದು

ಪ್ರತಿ ಚೀಟಿಯೂ ಮುಂದಿನ ಚೀಟಿಯ ವಿಳಾಸ ಹಿಡಿದಿರುವ ಸರಪಳಿ ಇದು. ಡೈನಾಮಿಕ್ ಅಂದ ತಕ್ಷಣ ಎಲ್ಲರ ಕೈ ಇದಕ್ಕೇ ಹೋಗುತ್ತದೆ. ಪರೀಕ್ಷೆಗೆ ಬರೆದು ಬರೆದು ರೂಢಿ ಆಗಿರುತ್ತದೆ ಅಲ್ವಾ. ಮೆಮರಿ ವಿಷಯದಲ್ಲಿ ಇದು ಕೆಟ್ಟದ್ದಲ್ಲ. 44 ಬೈಟ್ ಚೀಟಿ, 4 ಬೈಟ್ ಪಾಯಿಂಟರ್, ಒಟ್ಟು 48. 6 ಮತ್ತು 7ನೇ ಆವೃತ್ತಿಯ ಹೀಪ್ 8ರ ಗುಂಪಿನಲ್ಲೇ ಮೆಮರಿ ಕೊಡುತ್ತದೆ. 48 ಸರಿಯಾಗಿ ಕೂರುತ್ತದೆ, ಒಂದು ಬೈಟೂ ಪೋಲಾಗಲ್ಲ. ದೊಡ್ಡ ತುಂಡೂ ಬೇಡ, 64 ಕೆಬಿ ಗೋಡೆಯೂ ಇಲ್ಲ.

ಆದರೆ 900ನೇ ಚೀಟಿ ಬೇಕು ಅಂದರೆ 899 ಮನೆ ದಾಟಿ ಹೋಗಬೇಕು. ಸಾರ್ಟ್ ಮಾಡುವುದು ಇನ್ನೂ ತಲೆನೋವು. ಎಲ್ಲಾದರೂ ಒಂದು ಪಾಯಿಂಟರ್ ತಪ್ಪಿದರೆ ಅಲ್ಲಿಂದ ಮುಂದಿನ ಲಿಸ್ಟ್ ಪೂರ್ತಿ ಹೋಯಿತು. ಬರುವುದನ್ನು ಸೇರಿಸುತ್ತಾ ಹೋಗಿ, ಕೊನೆಗೆ ಮೊದಲಿಂದ ಒಮ್ಮೆ ಓದುವ ಕೆಲಸಕ್ಕೆ ಚೆನ್ನ. ಇಂಡೆಕ್ಸ್ ಹಿಡಿದು ಅಲ್ಲಿ ಇಲ್ಲಿ ಮುಟ್ಟುವವರಿಗೆ ಬೇಡವೇ ಬೇಡ.

ಟಿಕಲೆಕ್ಷನ್: ಯಾರೂ ತೆರೆಯದ ಡಬ್ಬಿ

1990ರ ಟರ್ಬೊ ಪ್ಯಾಸ್ಕಲ್ 6ರ ಜೊತೆ ಟರ್ಬೊ ವಿಷನ್ ಬಂತು. ಬಣ್ಣದ ಕಿಟಕಿ, ಮೆನು ಬೇಡ ಅಂತ ಜನ ಅದನ್ನು ಪಕ್ಕಕ್ಕಿಟ್ಟರು. ಅದರ ಆಬ್ಜೆಕ್ಟ್ಸ್ ಯೂನಿಟ್‌ನಲ್ಲಿ ಟಿಕಲೆಕ್ಷನ್ ಅಂತ ಒಂದು ಇದೆ. ಕಿಟಕಿಗೂ ಅದಕ್ಕೂ ಸಂಬಂಧ ಇಲ್ಲ, ಬರೀ ಆ ಯೂನಿಟ್ ಯೂಸ್ ಮಾಡಿದರೆ ಸಾಕು. ಗೆಟ್‌ಮೆಮ್ ಕಥೆಯಲ್ಲಿ ನಾವು ಕೈಯಾರೆ ಮಾಡಿದ ಹಿಗ್ಗಿಸುವ ಕೆಲಸವನ್ನು ಇದು ತಾನೇ ಮಾಡುತ್ತದೆ. ಇನಿಟ್ ಮಾಡುವಾಗ ಎರಡು ಸಂಖ್ಯೆ ಕೊಡಬೇಕು: ಶುರುವಿನಲ್ಲಿ ಎಷ್ಟು ಮನೆ, ತುಂಬಿದಾಗ ಎಷ್ಟು ಸೇರಿಸಬೇಕು. ಎರಡನೆಯದು 1 ಅಂತ ಕೊಟ್ಟರೆ ಪ್ರತಿ ಚೀಟಿಗೂ ಹೊಸ ತುಂಡು, ಹೊಸ ಮೂವ್. 100 ಕೊಡಿ. 0 ಕೊಟ್ಟರೆ ಹಿಗ್ಗುವುದೇ ಇಲ್ಲ, ಎರರ್ 214 ಬರುತ್ತದೆ.

ಅದು ಇಟ್ಟುಕೊಳ್ಳುವುದು ಪಾಯಿಂಟರ್ ಮಾತ್ರ. 65,520 ಭಾಗಿಸು 4, ಅಂದರೆ 16,380 ಚೀಟಿವರೆಗೆ ಲೆಕ್ಕಕ್ಕೆ ಹೋಗಬಹುದು. ಒಂದೊಂದು ಚೀಟಿ ಬೇರೆ ಬೇರೆ ಕೇಳುವುದರಿಂದ 44 ಬೈಟ್ 48 ಆಗುತ್ತದೆ, ಪಾಯಿಂಟರ್ ಸೇರಿ 52. ಲಿಂಕ್ಡ್ ಲಿಸ್ಟ್‌ಗಿಂತ 4 ಬೈಟ್ ಜಾಸ್ತಿ. ಅದಕ್ಕೆ ಬದಲಾಗಿ ನೇರ ಇಂಡೆಕ್ಸ್ ಸಿಗುತ್ತದೆ. ಸಾರ್ಟ್ ಮಾಡುವಾಗ ಪಾಯಿಂಟರ್ ಅದಲುಬದಲು ಮಾಡಿದರೆ ಸಾಕು, ಚೀಟಿ ಕದಲಲ್ಲ.

ಒಂದು ಎಚ್ಚರ. ಕಲೆಕ್ಷನ್ ಮುಚ್ಚುವಾಗ ಫ್ರೀಐಟಂ ಅನ್ನುವ ಮೆಥಡ್ ಪ್ರತಿ ಐಟಂ ಒಂದು ಆಬ್ಜೆಕ್ಟ್ ಅಂತಲೇ ನಂಬಿ ಅದರ ಡಿಸ್ಟ್ರಕ್ಟರ್ ಕರೆಯುತ್ತದೆ. ನೀವು ಇಟ್ಟಿದ್ದು ಬರೀ ರೆಕಾರ್ಡ್ ಆದರೆ ಮಷೀನ್ ಹ್ಯಾಂಗ್ ಆಗುವುದೂ ಉಂಟು. ಟಿಕಲೆಕ್ಷನ್‌ನಿಂದ ನಿಮ್ಮದೊಂದು ಮಾಡಿಕೊಂಡು, ಫ್ರೀಐಟಂ ಮಾತ್ರ ಬದಲಿಸಿ ಅದರಲ್ಲಿ ಡಿಸ್ಪೋಸ್ ಬರೆಯಿರಿ. ನಾಲ್ಕು ಸಾಲಿನ ಕೆಲಸ. ಮುಂದೆ ಫ್ರೀ ಪ್ಯಾಸ್ಕಲ್‌ಗೆ ಹೋದರೂ ಆಬ್ಜೆಕ್ಟ್ಸ್ ಯೂನಿಟ್ ಅಲ್ಲೂ ಇದೆ, ಬರೆದಿದ್ದು ದಂಡವಾಗಲ್ಲ. 6 ಅಥವಾ 7ನೇ ಆವೃತ್ತಿ ಇದ್ದು, ಎಷ್ಟು ಬರುತ್ತದೋ ಗೊತ್ತಿಲ್ಲ ಅನ್ನುವವರಿಗೆ ನನ್ನ ಓಟು ಇದಕ್ಕೇ.

5.5 ಅಥವಾ ಅದಕ್ಕೂ ಹಳೇದರಲ್ಲಿ ಇರುವವರಿಗೆ ಈ ಭಾಗ್ಯ ಇಲ್ಲ. ಅವರಿಗೆ ಮುಂದಿನದು.

ತುಂಡು ತುಂಡಾಗಿ ಕಟ್ಟುವ ಅರೇ

1024 ಚೀಟಿಗೆ ಒಂದು ತುಂಡು, 45,056 ಬೈಟ್. ತುಂಡುಗಳ ಪಾಯಿಂಟರ್ ಇಡಲು ಹತ್ತು ಹನ್ನೆರಡು ಮನೆಯ ಒಂದು ಪುಟ್ಟ ಅರೇ. ಐನೇ ಚೀಟಿ ಬೇಕೆಂದರೆ ಐ ಡಿವ್ 1024 ಯಾವ ತುಂಡು ಅಂತ ಹೇಳುತ್ತದೆ, ಐ ಮಾಡ್ 1024 ಆ ತುಂಡಿನೊಳಗೆ ಎಲ್ಲಿ ಅಂತ. ಈ ಎರಡನ್ನೂ ಒಂದು ಫಂಕ್ಷನ್‌ನಲ್ಲಿ ಮುಚ್ಚಿಟ್ಟು, ಅದು ಚೀಟಿಯ ಪಾಯಿಂಟರ್ ವಾಪಸ್ ಕೊಡುವಂತೆ ಮಾಡಿದರೆ ಉಳಿದ ಕೋಡ್‌ಗೆ ಒಳಗಿನ ಸಂಗತಿ ಗೊತ್ತೇ ಆಗಲ್ಲ.

ಇದರ ಚೆಂದ ಏನೆಂದರೆ ಹಿಗ್ಗುವಾಗ ಏನನ್ನೂ ಸಾಗಿಸಬೇಕಿಲ್ಲ. ಇನ್ನೊಂದು ತುಂಡು ಕೇಳಿ ಪಕ್ಕಕ್ಕೆ ಇಟ್ಟರೆ ಆಯಿತು. ಹಳೇ ಚೀಟಿಗೆ ಹಿಡಿದ ಪಾಯಿಂಟರ್ ಹಾಗೇ ನಡೆಯುತ್ತದೆ. ಚೀಟಿಗೆ 44 ಬೈಟ್ ಬಿಟ್ಟು ಹೆಚ್ಚಿನ ಖರ್ಚೇನಿಲ್ಲ, ಕೊನೆಯ ತುಂಡಿನಲ್ಲಿ ಖಾಲಿ ಉಳಿದ ಜಾಗ ಮಾತ್ರ ದಂಡ. ಹತ್ತು ತುಂಡು ಅಂದರೆ 4,50,560 ಬೈಟ್. ಡಾಸ್‌ನ 640 ಕೆಬಿಯಲ್ಲಿ ಡಾಸ್ ಮತ್ತು ನಿಮ್ಮ ಪ್ರೋಗ್ರಾಂ ಹಿಡಿದ ಜಾಗ ಕಳೆದರೆ ಅಲ್ಲಿಗೆ ಹತ್ತಿರ ಹತ್ತಿರ ಮುಗಿಯಿತು. ಹತ್ತು ಸಾವಿರ ಚೀಟಿ.

ಮಿಲ್‌ನ ಪ್ರೋಗ್ರಾಂಗೆ ನಾನು ಹಾಕಿದ್ದು ಇದನ್ನೇ. ಆ ಕೋಡಿನಲ್ಲಿ ಆಬ್ಜೆಕ್ಟ್ ಅನ್ನುವ ಪದವೇ ಎಲ್ಲೂ ಇರಲಿಲ್ಲ, ಹೊಸ ಶೈಲಿ ತುರುಕುವುದು ಬೇಡ ಅನಿಸಿತು. ಚೀಟಿ ಅರೇಯನ್ನು ಮುಟ್ಟುವ ಜಾಗ 41 ಇತ್ತು, ಎಲ್ಲಾ ಕಡೆ ಚೌಕ ಬ್ರಾಕೆಟ್ ಹೋಗಿ ದುಂಡು ಬ್ರಾಕೆಟ್ ಬಂತು. ಒಂದು ಸಂಜೆಯ ಕೆಲಸ. ಬೆಳಿಗ್ಗೆ ಮಾಲೀಕರು ಕೇಳಿದ್ದು ಒಂದೇ: "ಸಾರ್, ಪ್ರಿಂಟ್ ಸ್ವಲ್ಪ ತೆಳ್ಳಗೆ ಬರ್ತಿದೆ, ಅದೂ ಸರಿ ಹೋಗುತ್ತಾ?" ರಿಬ್ಬನ್ ಹಾಕಿ ಬಂದೆ.

ಡಿಸ್ಕ್ ಮೇಲೇ ಇಡುವುದು

ಚೀಟಿಯ ಟೈಪ್‌ಗೆ ಫೈಲ್ ಆಫ್ ಅಂತ ಡಿಕ್ಲೇರ್ ಮಾಡಿ, ಸೀಕ್ ಮಾಡಿ ಓದಿ, ಬರೆಯಿರಿ. ಫೈಲ್‌ಸೈಜ್ ಅನ್ನುವುದೇ ಕೌಂಟ್. ಇದೂ ಒಂದು ಹಿಗ್ಗುವ ಅರೇಯೇ, ಮಿತಿ ಡಿಸ್ಕ್ ಎಷ್ಟಿದೆಯೋ ಅಷ್ಟು. ಟೈಪ್ಡ್ ಫೈಲ್‌ಗೆ ಟರ್ಬೊ ಪ್ಯಾಸ್ಕಲ್ ಬಫರ್ ಇಡಲ್ಲ, ಪ್ರತಿ ರೀಡ್‌ಗೂ ಡಾಸ್ ಕರೆ ಹೋಗುತ್ತದೆ. ಆಗಿನ ಕಾಲಕ್ಕೆ ನಿಧಾನ. ಇವತ್ತಿನ ಮಷೀನ್ ಮೇಲೆ ಡಾಸ್‌ಬಾಕ್ಸ್‌ನಲ್ಲಿ ಓಡಿಸಿದರೆ ಗೊತ್ತೂ ಆಗಲ್ಲ.

ಕರೆಂಟ್ ಹೋದರೂ ಡೇಟಾ ಉಳಿಯುತ್ತದೆ ಅಂತ ಇದನ್ನು ಆರಿಸುವವರಿಗೆ ಒಂದು ಮಾತು. ಫೈಲ್ ಬೆಳೆದ ಅಳತೆಯನ್ನು ಡಾಸ್ ತನ್ನ ಡೈರೆಕ್ಟರಿಯಲ್ಲಿ ಬರೆಯುವುದು ಕ್ಲೋಸ್ ಮಾಡಿದಾಗ. ಬೆಳಿಗ್ಗೆ ತೆರೆದು ಸಂಜೆ ಕ್ಲೋಸ್ ಮಾಡಿದರೆ, ಮಧ್ಯಾಹ್ನ ಕರೆಂಟ್ ಹೋದಾಗ ಬೆಳಗಿಂದ ಸೇರಿಸಿದ ಚೀಟಿ ಮಾಯ. ಪ್ರತಿ ಚೀಟಿ ಆದ ಮೇಲೂ ಕ್ಲೋಸ್ ಮಾಡಿ ಮತ್ತೆ ತೆರೆಯಿರಿ. ನೋಡಲು ಅಸಹ್ಯ, ಆದರೆ ಕೆಲಸಕ್ಕೆ ಬರುತ್ತದೆ.

ಕಂಪೈಲರ್ ಬದಲಿಸಲು ಆಗುತ್ತದಾ?

ಆಗುವುದಾದರೆ ಮೇಲಿನ ಯಾವುದೂ ಬೇಡ. 64 ಬಿಟ್ ವಿಂಡೋಸ್ 16 ಬಿಟ್ ಇಎಕ್ಸ್‌ಇಯನ್ನು ಓಡಿಸುವುದೇ ಇಲ್ಲ, ಹಾಗಾಗಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಾಗಿಲು ತಟ್ಟುತ್ತದೆ. ಫ್ರೀ ಪ್ಯಾಸ್ಕಲ್ ಪುಕ್ಕಟೆ. ಟರ್ಬೊ ಪ್ಯಾಸ್ಕಲ್ ಕೋಡ್ ಬಹುಪಾಲು ಹಾಗೇ ಕಂಪೈಲ್ ಆಗುತ್ತದೆ. ಸ್ಕ್ರೀನ್ ಮೆಮರಿಗೆ ನೇರ ಬರೆಯುವ, ಇಂಟರಪ್ಟ್ ಕರೆಯುವ ಕೋಡ್ ಜಾಸ್ತಿ ಇದ್ದರೆ ಮಾತ್ರ ವಿಂಡೋಸ್‌ನಲ್ಲಿ ಅವನ್ನು ಹೊಸದಾಗಿ ಬರೆಯಬೇಕು. ಮಿಲ್‌ನಲ್ಲಿ ತೂಕದ ಮಷೀನ್‌ನಿಂದ ಓದುವ ಭಾಗ ಪೂರ್ತಿ ಅಂಥದ್ದೇ. ಅದಕ್ಕೇ ಅಲ್ಲಿ ಕೈ ಹಾಕಲಿಲ್ಲ.

ಬದಲಿಸಿದ ಮೇಲೆ ಸೆಟ್‌ಲೆಂತ್ ಸಿಗುತ್ತದೆ. ಇಂಡೆಕ್ಸ್ 0ಯಿಂದಲೇ ಶುರು, ಹಳೇ 1ರಿಂದ 500ರ ಲೂಪ್‌ಗಳನ್ನು ತಿದ್ದಬೇಕು. ಒಂದೊಂದೇ ಮನೆ ಹಿಗ್ಗಿಸಬೇಡಿ, ಇಲ್ಲೂ ನೂರರ ಲೆಕ್ಕದಲ್ಲಿ ಹಿಗ್ಗಿಸಿ ಕೌಂಟ್ ಬೇರೆ ಇಡಿ. ಹಳೇ ಕೈಗೆ ಜಾಸ್ತಿ ಏಟು ಕೊಡುವುದು ಅಸೈನ್‌ಮೆಂಟ್. ಟರ್ಬೊ ಪ್ಯಾಸ್ಕಲ್‌ನಲ್ಲಿ ಬಿ := ಎ ಅಂದರೆ ಇಡೀ ಅರೇ ಕಾಪಿ ಆಗುತ್ತದೆ. ಡೈನಾಮಿಕ್ ಅರೇಯಲ್ಲಿ ಎರಡೂ ಹೆಸರು ಒಂದೇ ಅರೇಯನ್ನು ತೋರಿಸುತ್ತವೆ. ಬಿಯಲ್ಲಿ ಒಂದು ಚೀಟಿ ತಿದ್ದಿದರೆ ಎಯಲ್ಲೂ ತಿದ್ದಿರುತ್ತದೆ. ನಿಜವಾದ ನಕಲು ಬೇಕೆಂದರೆ ಕಾಪಿ ಫಂಕ್ಷನ್ ಕರೆಯಿರಿ.

ಮೆಮ್‌ಅವೇಲ್, ಮ್ಯಾಕ್ಸ್‌ಅವೇಲ್ ಎರಡನ್ನೂ ಫ್ರೀ ಪ್ಯಾಸ್ಕಲ್ 2.0ರಿಂದ ತೆಗೆದಿದ್ದಾರೆ. ಆ ಸಾಲುಗಳನ್ನು ಅಳಿಸಿ.

ಹಳೇ ಡೇಟಾ ಫೈಲ್ ಓದಬೇಕಾದರೆ ಇನ್ನೂ ಹುಷಾರು. ಟರ್ಬೊ ಪ್ಯಾಸ್ಕಲ್ ರೆಕಾರ್ಡ್‌ನ ಫೀಲ್ಡ್‌ಗಳನ್ನು ಒತ್ತೊತ್ತಾಗಿ ಜೋಡಿಸುತ್ತದೆ, ಹೊಸ ಕಂಪೈಲರ್ ನಡುವೆ ಸಂದಿ ಬಿಡಬಹುದು. ರೆಕಾರ್ಡ್ ಮುಂದೆ ಪ್ಯಾಕ್ಡ್ ಅಂತ ಬರೆಯಿರಿ. ಡೆಲ್ಫೈ ಅಥವಾ ಆಬ್ಜೆಕ್ಟ್ ಪ್ಯಾಸ್ಕಲ್ ಮೋಡ್‌ನಲ್ಲಿ ಇಂಟಿಜರ್ 4 ಬೈಟ್ ಆಗಿರುತ್ತದೆ, ಫೈಲ್‌ನಲ್ಲಿರುವುದು 2. ಅಲ್ಲಿ ಸ್ಮಾಲ್‌ಇಂಟ್ ಹಾಕಿ. ಅಳತೆ ಕೊಡದ ಸ್ಟ್ರಿಂಗ್ ಇದ್ದರೆ 255 ಅಂತ ಬರೆದುಬಿಡಿ. ಇಷ್ಟಾದ ಮೇಲೆ ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಸೈಜ್‌ಆಫ್(ಚೀಟಿ) ಪ್ರಿಂಟ್ ಮಾಡಿ ನೋಡಿ. 44 ಬಂದರೆ ಮುಂದಕ್ಕೆ ಹೋಗಿ. 45ಓ 48ಓ ಬಂದರೆ ಹಳೇ ಫೈಲನ್ನು ರೈಟ್ ಮೋಡ್‌ನಲ್ಲಿ ತೆರೆಯಲೇಬೇಡಿ.